ಬಾಣದ ಗುರುತು

ಹಂಡ್ಲಿ ಏರಿನಲ್ಲಿ ಮೂರನೇ ಸಲ ನಿಂತಿತು ಎಜ್ಡಿ.
ಹಿಂದಿನ ಸೀಟಿಗೆ ಬಿಗಿದ ಸಾರಜನಕದ ಕ್ಯಾನು
ಬಿಳಿ ಉಸಿರು ಬಿಡುತ್ತ ಕೂತಿತ್ತು
ತನಗೇನೂ ಸಂಬಂಧವಿಲ್ಲವೆಂಬಂತೆ.
ಫೋನಿನಲ್ಲಿ ಸಣ್ಣತಾಯಮ್ಮ:
"ರಾತ್ರಿಯಿಂದ ಕೂಗ್ತಾ ಇದೆ ಸಾರ್, ಎಲ್ಲಿದ್ದೀರಿ?"
ಬೆದೆಗೆ ಬಂದ ಹಸುವಿಗೆ
ಕಾರ್ಬುರೇಟರ್ ಗೊತ್ತಿಲ್ಲ.

ಬಿಚ್ಚಿದರೆ ಬೌಲಿನ ತಳದಲ್ಲಿ ಕೆಂಪು ಹುಡಿ,
ಜರಡಿಯಲ್ಲಿ ಉಳಿದ ರಾಗಿ ತೌಡಿನ ಹಾಗೆ.
ಜೆಟ್ಟಿನ ಸೂಜಿಗಣ್ಣಿಗೆ ಬಾಯಿಟ್ಟು ಊದಿದೆ.
ನಾಲಗೆಗೆ ಎಂಬತ್ತಾರನೇ ಇಸವಿಯ ರುಚಿ.

ತಲುಪುವಾಗ ಹಸು ಮೆಲುಕು ಹಾಕುತ್ತಿತ್ತು.
ಹೊತ್ತು ಮೀರಿತ್ತು. ಇನ್ನು ಇಪ್ಪತ್ತೊಂದು ದಿನ.
ಸಣ್ಣತಾಯಮ್ಮ ಬಯ್ಯಲಿಲ್ಲ,
ಕಾಫಿ ಕೊಟ್ಟಳು. ಅದೇ ಕಷ್ಟವಾದದ್ದು.

ಶನಿವಾರಸಂತೆಯ ಮೆಕ್ಯಾನಿಕ್ ಉಮ್ಮರಬ್ಬ
ಸ್ಪ್ಯಾನರಿನಲ್ಲಿ ಬೆನ್ನು ಕೆರೆದುಕೊಳ್ಳುತ್ತ ಅಂದ:
"ಕಂಪನಿಯವನೇ ಕೊಡದ ಫಿಲ್ಟರು
ನೀವ್ಯಾಕೆ ಹಾಕ್ತೀರಿ ಸಾರ್?
ಟ್ಯಾಂಕು ತೊಳೀರಿ. ಇಲ್ಲ, ಮಾರಿ."
ತೊಳೆದದ್ದು ಎರಡು ಸಲ.
ಒಮ್ಮೆ ನಟ್ಟು-ಬೋಲ್ಟು ಸುರಿದು, ಕುಲುಕಿ.
ಒಮ್ಮೆ ಆಸ್ಪತ್ರೆಯ ಮೊಗಣ್ಣ ಕದ್ದು ತಂದ ಕಾಚಂಪುಳಿಯಲ್ಲಿ.
(ಆ ಸೀಸೆಯನ್ನು ಅವನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ.)
ತುಕ್ಕು ಹೋಗುವ ಜಾತಿಯದಲ್ಲ,
ಮುಂದಿನ ಏರಿನವರೆಗೆ ಸುಮ್ಮನಿರುತ್ತದೆ, ಅಷ್ಟೆ.

ಮಧ್ಯಾಹ್ನ ಊಟದ ಹೊತ್ತು.
ದನ ನಿಲ್ಲಿಸುವ ಕಂಬಗಳ ನಡುವೆ ಗಾಡಿ ನಿಲ್ಲಿಸಿದೆ.
ಎಂಬತ್ತು ರೂಪಾಯಿಯ ಫಿಲ್ಟರು, ಹೆಬ್ಬೆರಳಿನಷ್ಟು,
ಒಳಗೆ ಸೊಳ್ಳೆಪರದೆಯಂಥ ಜಾಲರಿ.
ಕಾಗದದ್ದು ಬೇಡವೆಂದಿದ್ದೆ ಅಂಗಡಿಯವನಿಗೆ:
ಪಂಪಿಲ್ಲದ ಗಾಡಿ, ತಳ್ಳುವವರಿಲ್ಲ,
ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯಬೇಕು.

ಕಾಕ್ ಮುಚ್ಚಿ, ಹಳೇ ಪೈಪು ಎಳೆದೆ.
ಒಣಗಿತ್ತು, ಹಾವಿನ ಪೊರೆಯ ಸದ್ದು.
ಹೊಸದನ್ನು ಕತ್ತರಿಸಿದ್ದು ಹೊಲಿಗೆ ಬಿಚ್ಚುವ ಕತ್ತರಿಯಲ್ಲಿ,
ಸಿರಿಂಜು ಕುದಿಸುವ ನೀರಿಗೆ ತುದಿ ಅದ್ದಿ ಮೆತ್ತಗಾಗಿಸಿ,
ರಕ್ತನಾಳ ಹಿಡಿಯುವ ಚಿಮಟಿಗೆಯಲ್ಲಿ ಕ್ಲಿಪ್ಪು ಅಗಲಿಸಿ
ಕೂರಿಸಿದೆ.
ಇಪ್ಪತ್ತಾರು ವರ್ಷ ಕಾಣದ ಕಡೆ ಕೈಯಾಡಿಸಿದವನು,
ಇಲ್ಲಿ ಎಲ್ಲ ಕಾಣುತ್ತಿತ್ತು, ಕೈ ನಡುಗಿತು.

ಫಿಲ್ಟರಿನ ಮೈಮೇಲೆ ಉಬ್ಬಿದ ಪುಟ್ಟ ಬಾಣ.
ಕೆಳಮುಖ. ಮತ್ತೊಮ್ಮೆ ನೋಡಿದೆ. ಕೆಳಮುಖ.

ಶುರುವಾಯಿತು. ಗೇಟು ದಾಟಿತು.
ಪೋಸ್ಟಾಫೀಸಿನೆದುರು ಕೆಮ್ಮಿ, ಸತ್ತಿತು.
ತಳ್ಳಿಕೊಂಡು ಬಂದೆ. ಉಮ್ಮರಬ್ಬ ಅಂಗಡಿಯಿಂದ
ಇಣುಕಿ, ಏನೂ ಅನ್ನದೆ, ಒಳಗೆ ಹೋದ.

ಮೊಗಣ್ಣ ಕುಕ್ಕುರುಗಾಲಲ್ಲಿ ಕೂತ,
ಬೀಡಿಯನ್ನು ದೂರ ಎಸೆದು.
"ಪೈಪು ಹೊಟ್ಟೆ ಬಿಟ್ಟಿದೆ ಸಾರ್.
ಇಲ್ಲಿ ಇಳಿದು, ಇಲ್ಲಿ ಏರಬೇಕು ಅದು.
ನಮ್ಮ ಗದ್ದೆ ಕಾಲುವೆ ಕೇಳಿ ನೋಡಿ,
ನೀರು ಏರು ಹತ್ತುತ್ತಾ?"
ಎರಡಿಂಚು ಕತ್ತರಿಸಿದೆ.
ಒಳಗೆ ಬಟಾಣಿಯಷ್ಟು ಗಾಳಿಗುಳ್ಳೆ ಮಾತ್ರ
ತಟ್ಟಿದರೂ ಬಗ್ಗಿಸಿದರೂ ಹೋಗಲಿಲ್ಲ.
"ಇರಲಿ ಬಿಡಿ," ಅಂದ ಮೊಗಣ್ಣ, "ಅದೂ ಉಸಿರಾಡಲಿ."

ಇಪ್ಪತ್ತೊಂದನೇ ದಿನ, ಬೆಳಿಗ್ಗೆ ಆರಕ್ಕೆ ಫೋನು.
ಹಂಡ್ಲಿ ಏರು, ಎರಡನೇ ಗೇರು, ಶುಂಠಿ ಗದ್ದೆಗಳ ಮೇಲೆ ನೀಲಿ ಹೊಗೆ,
ತೊಡೆಯ ಪಕ್ಕದಲ್ಲಿ ಗಾಜಿನಂಥ ಆ ಹೆಬ್ಬೆರಳು.
ರಸ್ತೆ ನೋಡುವುದು ಬಿಟ್ಟು ಅದನ್ನೇ ನೋಡಿದೆ:
ತಳದಲ್ಲಿ ಒಂದು ಚಿಟಿಕೆ ಕೆಂಪು,
ಕುಣಿಯುತ್ತ, ಆಚೆ ಹೋಗಲಾರದೆ.

ಭುಜದವರೆಗೆ ಗ್ಲೌಸು ಎಳೆದುಕೊಂಡ ಮೇಲೆ ನೆನಪಾಯಿತು,
ಕಾಕ್ ಮುಚ್ಚಿಲ್ಲ.
"ಟ್ಯಾಂಕಿನ ಕೆಳಗೊಂದು ಕೀಲಿ ಇದೆ, ಅಡ್ಡ ತಿರುಗಿಸಮ್ಮ."
ಹೋದಳು ಸಣ್ಣತಾಯಮ್ಮ. ಬಹಳ ಹೊತ್ತು ಬರಲಿಲ್ಲ.
ನಾನು ಹಸುವಿನ ಬೆಚ್ಚನೆಯ ಕತ್ತಲಲ್ಲಿ
ದಾರಿ ಹುಡುಕುತ್ತಿದ್ದೆ, ಬಾಣವಿಲ್ಲದೆ.

ಬಾಗಿಲಲ್ಲಿ ನಿಂತು ಅಂದಳು:
"ತಿರುಗಿಸಿದೆ. ಆ ಡಬ್ಬಿಯೊಳಗೆ ಗುಳ್ಳೆ ಇದೆ ಸಾರ್,
ಇರಬಹುದಾ ಅದು?"

ಇರಬಹುದು, ಎಂದೆ.