ಐದನೆಯ ಅಳತೆ

ಹಲ್ಲಿನ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡೇ
ಮಾತಾಡುವುದು ನಮ್ಮತ್ತೆ ತ್ರಿಪತ್ ಕೌರಳ ರೂಢಿ.
ಹಾಗಾಗಿ ಅವಳ ಮಾತು ಯಾವತ್ತೂ ಚಿಕ್ಕದು,
ಚುಚ್ಚುವುದೂ ಹೌದು.

ವುಲ್ವರ್‌ಹ್ಯಾಂಪ್ಟನ್ನಿನ ಹೊಲಿಗೆ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಯಾರ್ಯಾರದೋ ಕಾಲರು ತಿರುವಿದವಳು,
ಕಾಲರಿಗೆ ಇಷ್ಟು ಪೆನ್ಸ್ ಎಂದು.
ಮನೆಗೆ ಬಂದ ಮೇಲಿನದು ಗುರುದ್ವಾರದ ಪಾಲು,
ಅದಕ್ಕೆ ಲೆಕ್ಕವಿಲ್ಲ:
ವೈಶಾಖಿಗೆ ಐದು ಕೇಸರಿ ಚೋಲ, ಐದು ಗಂಡಸರಿಗೆ.
ಫೌಂಡ್ರಿಯಲ್ಲಿ ಬೆನ್ನು ಬಾಗಿದವರು, ಬಸ್ಸು ಓಡಿಸುವವರು
ಅದೊಂದು ದಿನ ನೆಟ್ಟಗೆ ನಿಂತು
ಬಿಚ್ಚುಗತ್ತಿ ಹಿಡಿದು, ಬರಿಗಾಲಲ್ಲಿ
ಗ್ರಂಥಸಾಹಿಬರ ಮುಂದೆ ನಡೆಯುತ್ತಾರೆ.
ಯಾರು ಯಾವ ವರ್ಷ ಊದಿದರು, ಯಾರ ಎದೆ ಕುಗ್ಗಿತು
ಹೆಂಡತಿಗಿಂತ ಮೊದಲು ಅತ್ತೆಯ ಟೇಪಿಗೆ ಗೊತ್ತು.

ಮಾರ್ಚಿನ ಒಂದು ರಾತ್ರಿ
ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಕರೆದು
ತೋಳೆತ್ತು ಅಂದಳು.
ಎತ್ತಿದೆ. ನೊರೆ ಮೊಣಕೈಗಿಳಿಯಿತು.
ಟೇಪು ಎದೆ ಬಳಸಿ ಬಂದು ಸೇರಿದಲ್ಲಿ
ಅವಳ ಬೆರಳು ಒಂದು ಗಳಿಗೆ ತಡೆಯಿತು.
"ಮೂವತ್ತಾರೂವರೆ. ಬರೆದುಕೋ."
ಯಾಕೆ ಬೀಜೀ?
ಗುಂಡುಸೂಜಿ ಅಲುಗಲಿಲ್ಲ.

ಸಮಿತಿಗೆ ಸುದ್ದಿ ಹೋಯಿತು. ಹೋಗದಿರುತ್ತದೆಯೇ,
ಲಂಗರಿನ ಹೊಗೆಗೂ ಕಿವಿಯಿದೆ.
ಹಿಂದೆ ಮೆಥಡಿಸ್ಟರು ಮಂಡಿಯೂರುತ್ತಿದ್ದ ಕೋಣೆಯಲ್ಲಿ
ಹನ್ನೊಂದು ಕುರ್ಚಿ, ಹನ್ನೊಂದು ಚಹಾ,
ಚಹಾ ಮಾಡಿದ್ದು ನಾವೇ.
ಪ್ರಧಾನ ಅಜಾಯಬ್ ಸಿಂಗರು ಒಳ್ಳೆಯವರು,
ಅದೇ ತೊಂದರೆ.
"ನೋಡಮ್ಮ, ನಮ್ಮಲ್ಲಿ ಹೆಣ್ಣು ಗಂಡು ಸಮ,
ಗುರುಗಳೇ ಹೇಳಿಯಾಗಿದೆ,
ಹಾಗಾಗಿ ಈ ಮಾತು ಎತ್ತುವ ಅಗತ್ಯವೇ ಇಲ್ಲ."
ಮತ್ತೊಬ್ಬರೆಂದರು: ಮೊದಲ ಐವರೂ ಗಂಡಸರಲ್ಲವೇ?

ಅತ್ತೆ ಸೂಜಿಗಳನ್ನು ಒಂದೊಂದಾಗಿ ತೆಗೆದು
ದುಪಟ್ಟಾದ ಅಂಚಿಗೆ ಸಿಕ್ಕಿಸಿದಳು.
ಖಾಲಿ ಬಾಯಿಯ ಅತ್ತೆಯನ್ನು
ನಾನು ಕಂಡದ್ದು ಅದೇ ಮೊದಲು.

"ಆನಂದಪುರದಲ್ಲಿ ಅವತ್ತು ಕೇಳಿದ್ದು ತಲೆ,
ಗಡ್ಡವಲ್ಲ.
ಆಮೇಲೆ ಆ ಕಬ್ಬಿಣದ ಬಟ್ಟಲಿಗೆ
ಬತಾಸು ಸುರಿದ ಕೈ ಯಾರದು, ಭಾಯಿ ಸಾಹೇಬರೇ?
ಬರೀ ಖಡ್ಗ ಕಲಕಿದ ನೀರು ಕುಡಿದಿದ್ದರೆ
ನೀವೆಲ್ಲ ಇನ್ನೂ ಖಾರವಾಗಿರುತ್ತಿದ್ದಿರಿ."

ಯಾರೋ ನಕ್ಕರು. ಅರ್ಧ ನಗು ಚಹಾದೊಳಗೆ ಬಿತ್ತು.
ಮುಂದಿನ ವರ್ಷ ನೋಡೋಣ ಎಂದು ಬರೆದುಕೊಂಡರು.

ಮುಂದಿನ ವರ್ಷವೂ ನೋಡಿದರು.

ಮೂರನೆಯ ವೈಶಾಖಿಯ ನಸುಕಿಗೆ
ಬಸ್ಸಿನ ಲಶ್ಕರ್ ಸಿಂಗ್ ಮೊಣಕಾಲು ಹಿಡಿದು ಕೂತ.
ನಿಜವಾದ ನೋವೋ, ನಮಗಾಗಿ ಬಂದ ನೋವೋ
ಇವತ್ತಿಗೂ ಹೇಳಿಲ್ಲ.
ಅಮೃತ ಕುಡಿದವರು ಇನ್ನಾರಿದ್ದಾರೆಂದು
ಅವರು ಫೋನು ತಡಕುವ ಹೊತ್ತಿಗೆ
ನಾನು ಬರಿಗಾಲಲ್ಲಿ ಹೊಸ್ತಿಲ ಮೇಲಿದ್ದೆ,
ಹಿಂದೆ ಅತ್ತೆ, ತೋಳಮೇಲೆ ಕೇಸರಿ.

ಅಳತೆ ಹಳೆಯದು, ನಡುವೆ ಒಂದು ಹೆರಿಗೆ.
ಎದೆ ಹಿಡಿಯಿತು.
ಅತ್ತೆ ಪಕ್ಕದ ಹೊಲಿಗೆ ಬಿಚ್ಚಿದಳು:
ಒಳಗೆ ಎರಡಿಂಚು ಬಟ್ಟೆ
ಮೊದಲೇ ಮಡಚಿ ಬಿಟ್ಟಿದ್ದಳು,
ಕಾಯಿಸುತ್ತಾರೆಂದು ಗೊತ್ತಿದ್ದವಳು.

ಬಲಗಡೆ ಒಂದು ಜೇಬು. ಗಂಡಸರ ಚೋಲಕ್ಕಿಲ್ಲದ್ದು.
ಕೈಯಿಟ್ಟರೆ ಕಾರ್ಖಾನೆಯ ಕೂಲಿಚೀಟಿ, ನಾಲ್ಕು ಮಡಿಕೆ,
ಹಿಂಬದಿಯಲ್ಲಿ ಅವಳದೇ ಗುರುಮುಖಿ ಅಕ್ಷರ:
ಎದೆ ಮೂವತ್ತೆರಡು. ತೋಳು ಇಪ್ಪತ್ತೊಂದು.
ಕೆಳಗೆ ಒಂದು ಇಸವಿ,
ಅವಳು ಈ ದೇಶದಲ್ಲಿ ಇಳಿದದ್ದು.

ಏಪ್ರಿಲ್ಲಿನ ಟಾರು ಹಿಮದಷ್ಟು ತಣ್ಣಗಿತ್ತು.
ಖಡ್ಗ, ಅಂದುಕೊಂಡದ್ದಕ್ಕಿಂತ ಭಾರ.
ತಲೆಯೆತ್ತಿ ಏನಾದರೂ ಹೇಳಬೇಕೆಂದುಕೊಂಡೆ.
ಅವಳ ಬಾಯಲ್ಲಿ ಆಗಲೇ ಸೂಜಿಗಳು:
"ನಡಿ, ನಡಿ. ಅಂಚು ತುಳೀಬೇಡ."