ಎರಡನೆಯದು

ಕೆದಕಲ್ ಏರಿನಲ್ಲಿ, ಮೂರನೇ ಗೇರಿನಲ್ಲಿ
ಓಮ್ನಿ ಮೈ ಕೊಡವಿತು.
ಮೊದಲು ಒಂದು ಸಲ, ನೀರಿನಿಂದೆದ್ದ ನಾಯಿಯ ಹಾಗೆ.
ಆಮೇಲೆ ಬಿಡದೆ.
ಹನ್ನೊಂದು ಮಕ್ಕಳು, ಹನ್ನೊಂದು ನೀರಿನ ಬಾಟಲಿ,
ಎಲ್ಲ ಒಂದೇ ತಾಳಕ್ಕೆ ಗಡಗಡ.
ಫಿದಾಳ ಅಲ್ಲಾಡುತ್ತಿದ್ದ ಹಾಲುಹಲ್ಲು
ಬೋಯಿಕೇರಿ ದಾಟುವುದರೊಳಗೆ ಅಂಗೈಯಲ್ಲಿತ್ತು.
"ಆಂಟಿ, ಗಾಡಿನೇ ಕಿತ್ತಿತು!" ಎಂದಳು,
ಬಹುಮಾನ ಬಂದವಳ ಹಾಗೆ.

ಸುಂಟಿಕೊಪ್ಪಕ್ಕೆ ಮರಳಿದರೆ ಗ್ಯಾರೇಜಿಗೆ ಬೀಗ.
ಮೊಯ್ದುಕಾಕ ಕಣ್ಣೂರಿನಲ್ಲಿ, ತಂಗಿಯ ಮಗಳ ಮದುವೆ.
ಫೋನಿನ ಆ ಕಡೆ ಚೆಂಬು ಉಜ್ಜುವ ಸದ್ದು,
ಯಾರೋ ಉಪ್ಪು ಕೇಳುವುದು.
"ಚೋಂದಮ್ಮಾ, ಫೋನು ಅದರ ಹತ್ತಿರ ಹಿಡಿ."
ಹಿಡಿದೆ. ತುಂಬ ಹೊತ್ತು ಸುಮ್ಮನಿದ್ದರು.
"ಮೂರರಲ್ಲಿ ಒಂದು ಕೆಲಸಕ್ಕೆ ಬರ್ತಾ ಇಲ್ಲ.
ಹಾಜರಿ ತಗೋ."

ಓಮ್ನಿಯ ಎಂಜಿನ್ನು ಸೀಟಿನಡಿ.
ಆರು ವರ್ಷ ಅದರ ಮೇಲೆ ಕೂತು ಬೆವರಿದ್ದೇನೆ,
ಎತ್ತಿ ನೋಡಿದ್ದು ಕಡಿಮೆ.
ರಬ್ಬರ್ ಚಪ್ಪಲಿ ಮೆಟ್ಟಿ, ಬಟ್ಟೆಯ ಮರದ ಕ್ಲಿಪ್ಪು ಹಿಡಿದು
ಓಡುವ ಎಂಜಿನ್ನಿನಿಂದ ಮೊದಲನೇ ವಯರು ಕಿತ್ತೆ.
ಸಾಯುವಂತೆ ಕೆಮ್ಮಿತು. ಸರಿ, ಇವನು ದುಡಿಯುವವನು.
ಸಿಕ್ಕಿಸಿದೆ. ಮೂರನೆಯದನ್ನು ಕಿತ್ತೆ. ನಿಂತೇಹೋಯಿತು.
ಮತ್ತೆ ಸ್ಟಾರ್ಟು. ಎರಡನೆಯದನ್ನು ಕಿತ್ತೆ.

ಏನೂ ಆಗಲಿಲ್ಲ.
ಅದೇ ಕುಂಟು. ವಾಲಗದಲ್ಲಿ ಒಬ್ಬ ಡೋಲಿನವ
ಕೋಲೆತ್ತಿಕೊಂಡೇ ತೂಕಡಿಸಿದಂತೆ.

ಯಾವುದನ್ನು ಕಿತ್ತರೂ ಏನೂ ಆಗುವುದಿಲ್ಲವೋ
ದೋಷ ಅಲ್ಲೇ.
ಈ ಪರೀಕ್ಷೆ ಮನುಷ್ಯರ ಮೇಲೆ ಮಾಡಬಾರದು.
ಮಾಡಿದ್ದೇನೆ, ಒಮ್ಮೆ,
ತವರಿನಲ್ಲಿ ಹದಿನೆಂಟು ದಿನ
ಫೋನು ಮಾಡದೆ ಕೂತು.
ಬಿಡಿ. ಪ್ಲಗ್ಗು ಬಿಚ್ಚಿದೆ.

ಒಂದು, ಮೂರು ಬಿಸ್ಕತ್ತಿನ ಬಣ್ಣ.
ಎರಡು ಕಪ್ಪು, ಒದ್ದೆ, ಮೂಗಿಗೆ ಪೆಟ್ರೋಲು:
ಉಣ್ಣುತ್ತಿದೆ, ಉರಿಯುತ್ತಿಲ್ಲ.
ಅಲ್ಲಿ ಮದುಮಗಳು ಹೊರಟಿದ್ದಳು.
ಆ ಗದ್ದಲದಲ್ಲಿ ಕಾಕ ಕಿರುಚಿದರು, "ಜಾಗ ಬದಲಿಸು!"
ಎರಡರದನ್ನು ಒರೆಸಿ ಮೂರಕ್ಕೆ, ಮೂರರದು ಎರಡಕ್ಕೆ.
ಕುಂಟು ಪ್ಲಗ್ಗಿನ ಹಿಂದೆ ಹೋಗಲಿಲ್ಲ, ಎರಡರಲ್ಲೇ ಉಳಿಯಿತು.
ಕಪ್ಪು ಪ್ಲಗ್ಗು ಹೊಸ ಮನೆಯಲ್ಲಿ
ಚೆನ್ನಾಗಿಯೇ ಕಿಡಿ ಕೊಡುತ್ತಿತ್ತು.
ಕೂರಿಸಿದ ಜಾಗ ಸರಿಯಿರಲಿಲ್ಲ, ಅಷ್ಟೆ.
ಇಂಥ ಹುಡುಗರು ನನ್ನ ವ್ಯಾನಿನಲ್ಲೂ ಇದ್ದಾರೆ.

ಎಂಟು ಗಂಟೆಗೆ ಅಂಗಳದ ದೀಪ ಆರಿಸಿದೆ.
ಇಸ್ತ್ರಿಗೆ ಚಿಮುಕಿಸುವ ಬಾಟಲಿಯಿಂದ
ವಯರುಗಳ ಮೇಲೆ ಇಬ್ಬನಿಯಷ್ಟು ನೀರು.
ಕತ್ತಲು.
ಆಮೇಲೆ ಎರಡನೇ ವಯರಿನ ಮೊಣಕೈಯಲ್ಲಿ
ಒಂದು ನೀಲಿ. ಸಣ್ಣದು. ಟಿಕ್.
ಪ್ಲಗ್ಗಿಗೆ ತಲುಪಬೇಕಾದದ್ದು
ದಾರಿಯಲ್ಲೇ ಕಬ್ಬಿಣಕ್ಕೆ ಹಾರಿ ಸಾಯುತ್ತಿತ್ತು, ಟಿಕ್, ಟಿಕ್.
ಚಂದವಾಗಿತ್ತು, ಸುಳ್ಳು ಹೇಳಲಾರೆ.
ರಿಪೇರಿ ಮರೆತು ಸ್ವಲ್ಪ ಹೊತ್ತು ನೋಡಿದೆ.

ಟಾರ್ಚು ಹಾಕಿದರೆ
ರಬ್ಬರಿನ ಮೇಲೆ ಎರಡು ಪುಟ್ಟ ಹಲ್ಲಿನ ಗುರುತು.
ಇಲಿ. ಪಕ್ಕದಲ್ಲೇ ಅದರ ಉಗ್ರಾಣ:
ಕಡಲೆಮಿಠಾಯಿ ಚೂರು, ಅರ್ಧ ಕ್ರೀಮ್ ಬಿಸ್ಕತ್ತು,
ಎರಡನೇ ಕ್ಲಾಸು ಬಿ ಸೆಕ್ಷನ್ ಎಂದು ಬರೆದ ಹೆಸರಿನ ಚೀಟಿ.
ತಿಂಗಳಿಗೆ ಎಂಟುನೂರು ಕೊಟ್ಟು ಕೂರುವವರೇ
ಸೀಟಿನ ಸಂದಿಯಿಂದ ಅದನ್ನು ಸಾಕಿದ್ದರು.
ಇಲಿಯನ್ನು ಬೈದೆ. ಮಕ್ಕಳನ್ನು ನಾಳೆ ಬೈಯಬೇಕು.

ಟೇಪು ಆರು ಸುತ್ತು. ವಯರನ್ನು ಕಬ್ಬಿಣಕ್ಕೆ ತಾಗದಂತೆ
ಲಾಡಿಯಿಂದ ಎಳೆದು ಕಟ್ಟಿದೆ.
ಹೊಸದು ಭಾನುವಾರ, ಕುಶಾಲನಗರದಿಂದ.

ಬೆಳಿಗ್ಗೆ ಕೆದಕಲ್ ಏರಿನಲ್ಲಿ ಮೂರೂ ಹಾಜರು.
ಬಾಟಲಿಗಳು ಸುಮ್ಮನೆ.
ಫಿದಾ ಪಕ್ಕದ ಹಲ್ಲನ್ನು
ನಾಲಿಗೆಯಿಂದ ತಳ್ಳಿ ತಳ್ಳಿ ಕಾದಳು, ಬೋಯಿಕೇರಿಯವರೆಗೆ.
"ಆಂಟಿ, ಸರಿ ಮಾಡಿಬಿಟ್ರಾ?"
ಅವಳ ದನಿಯಲ್ಲಿದ್ದದ್ದು ಸಂತೋಷವಲ್ಲ.