ಇಲ್ಲ ಎಂಬುದಕ್ಕೆ ದಾಖಲೆ

ಈರಿ ಸರೋವರ ಅಂಚಿನಿಂದ ಹೆಪ್ಪುಗಟ್ಟುತ್ತಿದ್ದ ವಾರ
ಕೇಲಿನ್ ವೊಯ್ಚಿಕ್ ಮೂರನೇ ಸಲ ಬಂದು ಕೂತಳು
ನನ್ನ ಮೇಜಿನ ಮುಂದೆ.
ಬೂಟಿನ ಹಿಮ ಕರಗಿ ಚಾಪೆಯ ಮೇಲೊಂದು ಸಣ್ಣ ಕೆರೆ.
ನೆರವಿನ ಅರ್ಜಿ ಪೂರ್ತಿ ತುಂಬಿದ್ದಾಳೆ, ದುಂಡಗಿನ ಅಕ್ಷರ;
ಅಪ್ಪ ಅಮ್ಮ ಸಹಿ ಹಾಕಬೇಕಾದ ಎರಡು ಗೆರೆಗಳ ಮೇಲೆ ಮಾತ್ರ
ಯಾರೂ ತುಳಿಯದ ಬಿಳುಪು.

ಲೆಕ್ಕವೇನೋ ಸರಳ:
ಅಪ್ಪನಿಗೆ ವರ್ಷಕ್ಕೆ ತೊಂಬತ್ತೊಂದು ಸಾವಿರ ಡಾಲರ್,
ಆದ್ದರಿಂದ ಮಗಳ ಓದಿಗೆ ಅದರಲ್ಲೊಂದು ಪಾಲು,
ಆದ್ದರಿಂದ ನೆರವು ಬೇಕಿಲ್ಲ.
ಕನ್ನಡಿಯೊಳಗಿನ ಗಂಟನ್ನೂ
ನಾವಿಲ್ಲಿ ತಕ್ಕಡಿಗೆ ಹಾಕಿ ತೂಗುತ್ತೇವೆ.

ಸ್ವತಂತ್ರಳು ಅನ್ನಿಸಿಕೊಳ್ಳಲು ದಾರಿಗಳಿವೆ,
ಹಾಳೆಯ ಹಿಂಬದಿ ಓದಿ ಹೇಳಿದೆ:
ಇಪ್ಪತ್ತನಾಲ್ಕು ತುಂಬಿರಬೇಕು,
ಮದುವೆಯಾಗಿರಬೇಕು, ಸೈನ್ಯ ಸೇರಿರಬೇಕು,
ಸಾಕಲು ಮಗುವಿರಬೇಕು,
ಇಲ್ಲವೇ ಇಬ್ಬರೂ ಸತ್ತಿರಬೇಕು.
(ಈ ಕೊನೆಯದನ್ನು ಎಂಟು ವರ್ಷದಿಂದ ಮೆಲ್ಲಗೆ ಓದುತ್ತಿದ್ದೇನೆ.)
ಅವಳು ನಕ್ಕಳು. ಬೇಕರಿಯ ರಾತ್ರಿಪಾಳಿಯ ಥಿಯೋ
ಆಗಲೇ ಕೇಳಿದ್ದಾನಂತೆ, ಬ್ರೆಡ್ಡಿನ ಚೀಲ ಕಟ್ಟುವ ತಂತಿಯನ್ನೇ
ಉಂಗುರ ಮಾಡಿ ಹಿಡಿದು:
'ಆಗಿಬಿಡೋಣ. ಫೀಸು ಕಟ್ಟಿದ ಮೇಲೆ ಡೈವೋರ್ಸು.'

ಅಪ್ಪ ಹೊಡೆಯುತ್ತಿದ್ದರಾ? ನಾನು ಕೇಳಲೇಬೇಕು.
ಇಲ್ಲ.
ಅಮ್ಮ?
ಅಮ್ಮ ಅರಿಜೋನಾದಲ್ಲೆಲ್ಲೋ. ಕ್ರಿಸ್‌ಮಸ್ಸಿಗೊಂದು ಮೆಸೇಜು.
ಮತ್ತೆ?
'ಹದಿನೆಂಟು ತುಂಬಿದ ಮಾರನೇ ದಿನ
ಅಪ್ಪ ಬೀಗ ಬದಲಾಯಿಸಿದರು. ಬೈಯಲಿಲ್ಲ.
ಹೊಸ ಬೀಗ ಚೆನ್ನಾಗಿತ್ತು, ಹಿತ್ತಾಳೆಯದು.'

ನಿಯಮದ ಪುಸ್ತಕದಲ್ಲಿ ಬೀಗದ ಮಾತಿಲ್ಲ.
ಕೊಡಲು ಮನಸ್ಸಿಲ್ಲದ ಅಪ್ಪ, ಅಷ್ಟೇ ಆದರೆ, ಕಾರಣವಾಗುವುದಿಲ್ಲ;
ನೋವು ಇನ್ನೂ ಒಂದು ಗುಲಗಂಜಿ ಹೆಚ್ಚಿರಬೇಕು.
ಹೆಚ್ಚಿಸಿ ಬರೆ ಎನ್ನಲು ನನಗೆ ಬಾಯಿ ಬರಲಿಲ್ಲ.
ನಿಜ ಹೇಳಬೇಕೆಂದರೆ, ಬಂದಿತ್ತು,
ಅಷ್ಟರಲ್ಲಿ ಅವಳೇ ತಲೆಯಾಡಿಸಿದಳು:
'ಅವರು ಕೆಟ್ಟವರು ಅಂತ ಬರೆಯಲಾರೆ.
ಅವರು ಇಲ್ಲ ಅಂತ ಬರೀತೀನಿ.'

ಇಲ್ಲ ಎಂಬುದಕ್ಕೆ ದಾಖಲೆ ಎಲ್ಲಿಂದ ತರುವುದು?
ಇದ್ದುದಕ್ಕಾದರೆ ರಸೀದಿಯಿರುತ್ತದೆ, ಫೋಟೋ ಇರುತ್ತದೆ.

ತಂದಳು, ನಾಲ್ಕನೇ ಸಲ, ಮಡಚಿದ ಮೂರು ಪತ್ರ.
ಬ್ಯಾಂಡ್ ಮೇಷ್ಟ್ರು ಯೋಸ್ಟ್ ಬರೆದಿದ್ದರು:
ಹನ್ನೆರಡು ಕಾರ್ಯಕ್ರಮದಲ್ಲಿ ಟ್ರಾಂಬೋನ್ ಊದಿದ್ದಾಳೆ;
ಮನೆಯವರಿಗೆಂದು ಕಾದಿರಿಸಿದ ಎರಡು ಕುರ್ಚಿಗಳಲ್ಲಿ
ಪ್ರತಿಸಲವೂ ಬೇರೆಯವರ ಕೋಟುಗಳು ಕೂತಿದ್ದವು.
ಗೆಳತಿಯ ಅಜ್ಜಿ: 'ಸೋಫಾ ನನ್ನದೇ.
ಅದರ ತಗ್ಗು ಮಾತ್ರ ಅವಳ ಅಳತೆಯದು.'
ಲಾಂಡ್ರಿ ಅಂಗಡಿಯ ರಮೋನಾ, ಬಿಲ್ಲಿನ ಬೆನ್ನ ಮೇಲೆ, ಪೆನ್ಸಿಲಿನಲ್ಲಿ:
'ಹನ್ನೊಂದು ತಿಂಗಳು, ಪ್ರತಿ ಭಾನುವಾರ, ಚಿಕ್ಕ ಮೆಷೀನು.
ಒಬ್ಬಳದೇ ಬಟ್ಟೆ.
ಇನ್ನೊಬ್ಬರ ಕಾಲುಚೀಲ ಒಂದೂ ಕಂಡಿಲ್ಲ.'

ಸ್ಕ್ಯಾನ್ ಮಾಡುವಾಗ ಯಂತ್ರ ಎರಡು ಸಲ ಉಗುಳಿತು,
ಕಾಗದ ಅಷ್ಟು ತೆಳು.
ಗಾಜಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದೆ.
ನಕಲಿನಲ್ಲಿ ನನ್ನ ಬೆರಳುಗಳೂ ಬಂದಿವೆ,
ಕಡತದಲ್ಲಿ ಇವತ್ತಿಗೂ ಇವೆ.

ಮಾರ್ಚಿಯಲ್ಲಿ ಮಂಜೂರಾಯಿತು.
ಪತ್ರವನ್ನು ನಿಂತೇ ಓದಿದಳು, ಕೊನೆಯ ಸಾಲಿನವರೆಗೂ.
'ಪರಿಸ್ಥಿತಿ ಬದಲಾದಲ್ಲಿ ಕೂಡಲೇ ತಿಳಿಸತಕ್ಕದ್ದು.'
ಬದಲಾದಲ್ಲಿ ಅಂದರೆ?
ಅಂದರೆ, ಅಪ್ಪ ಬಾಗಿಲು ತೆಗೆದರೆ.
ಆಗ ಈ ದುಡ್ಡು?
ನಿಲ್ಲಬಹುದು, ಅಂದೆ.

ತುಸು ಹೊತ್ತು ಕಿಟಕಿಯಾಚೆ ನೋಡಿದಳು.
ಆಮೇಲೆ ನನ್ನ ಪೆನ್ನು ಕೇಳಿ ಪಡೆದು,
ಯಾವ ವಿಳಾಸಕ್ಕೆ ತಿಳಿಸಬೇಕು ಎಂದು
ಅಂಗೈಯ ಮೇಲೆ ಬರೆದುಕೊಂಡಳು.